ಒಣಗಿದ ಹಲಗೆ ಔಷಧಿ ಕುಡಿಯದೇಕೆ

ಆಕಾಶವಾಣಿ ಕಾರವಾರದ ಕೇಳುಗರಿಗೆ ನಮಸ್ಕಾರ.

ಕಳೆದ ಮಳೆಗಾಲಕ್ಕೆ ಮೊದಲು, ಮಾಡಿಗೆ ರೀಪು ಹೊಡೆಯಲೆಂದು ಚೆನ್ನಾಗಿ ಒಣಗಿದ ಸ್ಪ್ರೂಸ್ ಹಲಗೆಗಳನ್ನು ತಂದು, ಹಸಿರು ಬಣ್ಣ ಬೆರೆಸಿದ ಒರಲೆ ಔಷಧಿಯಲ್ಲಿ ಎರಡು ದಿನ ಮುಳುಗಿಸಿಟ್ಟಿದ್ದೆ. ಆಚಾರಿಯವರು ಒಂದನ್ನು ನಡುವೆ ಅಡ್ಡ ಕೊಯ್ದಾಗ ಹಸಿರು ಅಂಚಿನಲ್ಲಿ ಉಗುರಿನ ದಪ್ಪದಷ್ಟೇ ಇಳಿದಿತ್ತು. ಒಣಗಿದ ಮರ ಬಾಯಾರಿರಬೇಕಲ್ಲವೇ ಎಂದು ಅವರು ಕೇಳಿದ್ದು ಸಹಜವೇ.

ಸ್ಪ್ರೂಸ್, ಪೈನ್‌ಗಳಂಥ ಸೂಚಿಪರ್ಣಿ, ಅಂದರೆ ಸೂಜಿಯಂಥ ಎಲೆಯ ಮರದ ಬಹುಭಾಗ ಮೂರು ನಾಲ್ಕು ಮಿಲಿಮೀಟರ್ ಉದ್ದದ, ಎರಡೂ ತುದಿ ಮುಚ್ಚಿದ ನಳಿಗೆಗಳಿಂದಾದದ್ದು. ಒಂದರಿಂದ ಇನ್ನೊಂದಕ್ಕೆ ನೀರು ದಾಟುವುದು ಗೋಡೆಯ ಸಣ್ಣ ಕಿಂಡಿಗಳ ಮೂಲಕ. ಪ್ರತಿ ಕಿಂಡಿಯ ನಡುವೆ, ನವಿರಾದ ಎಳೆಗಳ ಬಲೆಯಲ್ಲಿ ತೂಗುವ ಒಂದು ಬಿಲ್ಲೆಯಿದೆ. ಮರ ಒಣಗುವಾಗ ಹಿಂದೆ ಸರಿಯುವ ನೀರಿನ ಮೇಲ್ಮೈ ಸೆಳೆತ ಆ ಬಿಲ್ಲೆಯನ್ನು ಒಂದು ಬದಿಗೆ ಎಳೆದು ಕಿಂಡಿಯ ಬಾಯಿಗೆ ಅಂಟಿಸಿಬಿಡುತ್ತದೆ. ಮತ್ತೆ ನೆನೆಸಿದರೂ ಅದು ಸುಲಭವಾಗಿ ಬಿಡುವುದಿಲ್ಲ. ಬೆಳವಣಿಗೆಯ ಋತು ಮುಗಿಯುವಾಗ ಮೂಡುವ ಕಪ್ಪು ಉಂಗುರದ ಕಿಂಡಿಗಳ ಬಲೆ ಗಡುಸಾದ್ದರಿಂದ ಅವು ಅಷ್ಟಾಗಿ ಮುಚ್ಚುವುದಿಲ್ಲ. ನಮ್ಮ ಹಲಗೆಯಲ್ಲೂ ಹಸಿರು ಆ ಗೆರೆಗಳ ಉದ್ದಕ್ಕೆ ತುಸು ಹೆಚ್ಚು ಒಳಹೋಗಿತ್ತು.

ನೆರಳಿನಲ್ಲಿ ಒಣಗಿಸಿದರೂ, ಬಿಸಿಗಾಳಿಯ ಗೂಡಿನಲ್ಲಿ ಒಣಗಿಸಿದರೂ ನೀರು ದ್ರವವಾಗಿಯೇ ಸರಿಯುವುದರಿಂದ ಕಿಂಡಿಗಳು ಮುಚ್ಚುತ್ತವೆ. ನೀರನ್ನು ಮಂಜುಗಟ್ಟಿಸಿ ನೇರವಾಗಿ ಆವಿಯಾಗಿಸಿದರೆ, ಇಲ್ಲವೇ ಅದರ ಜಾಗಕ್ಕೆ ಆಲ್ಕೋಹಾಲ್ ತುಂಬಿ ಒಣಗಿಸಿದರೆ ಅವು ತೆರೆದೇ ಉಳಿಯುತ್ತವೆ. ಆದರೆ ಅದು ಪ್ರಯೋಗಾಲಯದ ಮಾತು, ಸಾಮಿಲ್ಲಿನದಲ್ಲ. ನ್ಯೂಜಿಲೆಂಡಿನಲ್ಲಿ ಹಸಿ ರೇಡಿಯಾಟಾ ಪೈನ್‌ಗೆ ಮೊದಲು ಉಗಿ ಹಾಯಿಸಿ ಔಷಧಿಗೆ ದಾರಿ ಬಿಡಿಸುತ್ತಾರೆ. ಪೈನ್‌ನ ಬಿಳಿ ಮರದಲ್ಲಿ, ಅಂದರೆ ತೊಗಟೆಯ ಕಡೆಯ ಹೊರಭಾಗದಲ್ಲಿ, ಅಡ್ಡಲಾಗಿ ಹಾದ ಕೋಶಗಳ ದಾರಿಯೂ ಇರುವುದರಿಂದ ಅದು ಸ್ಪ್ರೂಸಿನಷ್ಟು ಹಟಮಾರಿಯಲ್ಲ. ಕೊಳದಲ್ಲಿ ಬಹಳ ಕಾಲ ಮುಳುಗಿಸಿಟ್ಟ ದಿಮ್ಮಿಯಲ್ಲಿ ಬ್ಯಾಕ್ಟೀರಿಯಾಗಳು ಬಿಲ್ಲೆಗಳನ್ನೇ ತಿಂದು ಹಾಕುವುದುಂಟು. ನಮ್ಮ ಹಿರಿಯರು ಬಿದಿರನ್ನು ಹಳ್ಳದಲ್ಲಿ ನೆನೆಹಾಕುತ್ತಿದ್ದುದು ಬೇರೆ ಕಾರಣಕ್ಕೆ, ಅದರ ಪಿಷ್ಟ ಕಳೆಯಲು.

ಸ್ಪ್ರೂಸಿಗೆ ಹಸಿಯಿರುವಾಗಲೇ ಒರಲೆ ತಡೆಯುವ ಬೋರಾಕ್ಸ್ ಉಪ್ಪು ಹಚ್ಚಿದ್ದರೆ, ಮರದೊಳಗಿನ ನೀರಿನಲ್ಲೇ ಅದು ಹರಡಿಕೊಳ್ಳುತ್ತಿತ್ತು. ಆದರೆ ಬೋರಾಕ್ಸ್ ಮಳೆಗೆ ತೊಳೆದುಹೋಗುತ್ತದೆ, ನಮ್ಮಲ್ಲಿ ಮಳೆ ಎಂಥದೆಂದು ನಿಮಗೆ ಹೇಳಬೇಕಿಲ್ಲ. ಕೊನೆಗೆ ಆ ಹಲಗೆಗಳು ಅಟ್ಟದ ಒಳಗಿನ ಕಪಾಟುಗಳಾದವು. ಮಾಡಿಗೆ ಹಳೆಯ ಮತ್ತಿಯ ರೀಪೇ ಏರಿತು.