ಲ್ಯಾಕರ್ ಬಳಿದ ಮರವನ್ನ ಫ್ರೀಜರ್‌ಗೆ ಹಾಕಿದ್ರೆ ಏನಾಗುತ್ತೆ?

[ತೆರೆಯ ಮೇಲೆ: ಕಪ್ಪು ಮೆರುಗಿನ ಹಳೇ ಮರದ ಪೆಟ್ಟಿಗೆ. ಪಕ್ಕದಲ್ಲಿ ಸಣ್ಣ ತೂತು, ಅದರ ಕೆಳಗೆ ಹಿಟ್ಟಿನಂಥ ಹುಡಿ.]

ಈ ತೂತು ನೋಡಿ. ಕೆಳಗೆ ಉದುರಿರೋ ಹುಡಿ ಹೊಸದಾಗಿದ್ರೆ, ಒಳಗೆ ಕುಟ್ಟೆ ಹುಳು ಇನ್ನೂ ಮರ ತಿಂತಿದೆ ಅಂತ ಅನುಮಾನ ಪಡಬೇಕು. ಹುಳು ಚಳಿಗೆ ಸಾಯಲಿ ಅಂತ ಮ್ಯೂಸಿಯಂಗಳಲ್ಲಿ ಇಂಥ ವಸ್ತುಗಳನ್ನ ಫ್ರೀಜರ್‌ನಲ್ಲಿ ಇಡ್ತಾರೆ. ಆಗ ಮೇಲಿನ ಲ್ಯಾಕರ್, ಅಂದ್ರೆ ಮೆರುಗಿನ ಗಟ್ಟಿ ಲೇಪ, ಸಿಡಿಯಲ್ವಾ? ನಿಮ್ಮಲ್ಲೊಬ್ರು ಕೇಳಿದ ಈ ಪ್ರಶ್ನೆ ನನ್ನನ್ನ ಬಿಡಲೇ ಇಲ್ಲ.

ವಿಧಾನ ಬೇಗ ಹೇಳಿಬಿಡ್ತೀನಿ. ವಸ್ತುವನ್ನ ಪಾಲಿಥೀನ್ ಚೀಲದಲ್ಲಿ ಸೀಲ್ ಮಾಡ್ತಾರೆ. ಮೈನಸ್ 20 ಡಿಗ್ರಿ ಆದ್ರೆ ಕನಿಷ್ಠ ಒಂದು ವಾರ, ಮೈನಸ್ 30 ಆದ್ರೆ ಮೂರು ದಿನ. ಬೇಗ ತಣ್ಣಗಾಗಬೇಕು. ನಿಧಾನ ಆದ್ರೆ ಕೆಲವು ಹುಳುಗಳು ಮೈಯೊಳಗೆ ಹೆಪ್ಪುಗಟ್ಟೋದನ್ನ ತಡೆಯೋ ಗ್ಲಿಸರಾಲ್ ಸೇರಿಸ್ಕೊಂಡು ಚಳಿಗೆ ಒಗ್ಗಿಬಿಡ್ತವೆ. ವಿಷ ಬೇಕಿಲ್ಲ, ಅದಕ್ಕೇ ಈ ವಿಧಾನ ಎಲ್ಲರಿಗೂ ಇಷ್ಟ.

ಮರದೊಳಗಿನ ನೀರು ಹೆಪ್ಪುಗಟ್ಟಿ ಮರ ಸೀಳುತ್ತೆ ಅನ್ನೋ ಭಯ ಹಲವರಿಗಿದೆ. ಹಾಗಾಗಲ್ಲ. ಒಣಗಿದ ಮರದಲ್ಲಿ ನೂರಕ್ಕೆ 10-12ರಷ್ಟು ತೇವ ಇರುತ್ತೆ, ಆದ್ರೆ ಅದು ನಾರಿನ ಗೋಡೆಗಳಿಗೇ ಹಿಡ್ಕೊಂಡಿರೋ ತೇವ. ಅದು ಮಂಜುಗಡ್ಡೆ ಆಗಲ್ಲ.

ಹಾಗಾದ್ರೆ ಅಪಾಯ ಎಲ್ಲಿದೆ?

[ತೆರೆಯ ಮೇಲೆ: ಹಲಗೆಯ ಚಿತ್ರ, ಎಳೆಯ ಉದ್ದಕ್ಕೂ ಅಡ್ಡಕ್ಕೂ ಬಾಣಗಳು]

ಇಲ್ಲಿ ಸ್ವಲ್ಪ ನಿಲ್ಲೋಣ. ಇಡೀ ವಿಷಯದಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ. ಉದ್ದ ಅಗಲ ಎರಡೂ 30 ಸೆಂಟಿಮೀಟರ್ ಇರೋ ಹಲಗೆಯನ್ನ 25 ಡಿಗ್ರಿಯಿಂದ ಮೈನಸ್ 20ಕ್ಕೆ ಇಳಿಸಿದ್ರೆ, ಎಳೆಗೆ, ಅಂದ್ರೆ ಮರದ ನಾರು ಸಾಗೋ ದಿಕ್ಕಿಗೆ, ಅಡ್ಡಲಾಗಿ ಸುಮಾರು 0.4 ಮಿಲಿಮೀಟರ್ ಕುಗ್ಗುತ್ತೆ. ನಾಲ್ಕು ಹಾಳೆ ಕಾಗದದಷ್ಟು ದಪ್ಪ. ಅದೇ ಹಲಗೆ ಎಳೆಯ ಉದ್ದಕ್ಕೆ ಕುಗ್ಗೋದು ಅರ್ಧ ಹಾಳೆಯಷ್ಟು ಮಾತ್ರ! ಲ್ಯಾಕರ್ ಪದರಕ್ಕೆ ಎಳೆಯೇ ಇಲ್ಲ, ಎಲ್ಲಾ ಕಡೆಗೂ ಒಂದೇ ಥರ ಕುಗ್ಗೋಕೆ ನೋಡುತ್ತೆ, ಸಾಮಾನ್ಯವಾಗಿ ಮರಕ್ಕಿಂತ ಜಾಸ್ತಿ. ಕೆಳಗಿನ ಮರ ಬಿಡಲ್ಲ. ಹಾಗಾಗಿ ಪದರ ಬಿಗಿದುಕೊಳ್ಳುತ್ತೆ, ಮರದ ಎಳೆಯ ದಿಕ್ಕಿನಲ್ಲೇ ಹೆಚ್ಚು. ಅದೇ ಹೊತ್ತಿಗೆ ಚಳಿಗೆ ಪೆಡಸೂ ಆಗಿರುತ್ತೆ.

ಗಟ್ಟಿಯಾಗಿ ಅಂಟಿಕೊಂಡಿರೋ ಪದರ ಇದನ್ನ ತಡ್ಕೊಳ್ಳಬಹುದು. ಹಳೇ ಬಿರುಕು, ಎದ್ದ ಚಕ್ಕೆ ಇದ್ರೆ ಕಷ್ಟ: ಬಿಗಿತ ಎಲ್ಲಾ ಬಿರುಕಿನ ತುದಿಗೆ ಬಂದು ಸೇರುತ್ತೆ. ಪೂರ್ವ ಏಷ್ಯಾದ ಉರುಶಿ ಲ್ಯಾಕರ್ ಕೆಲಸದಲ್ಲಿ ಮರ, ಬಟ್ಟೆ, ಜೇಡಿಯ ಪದರ, ಮೇಲೆ ಮರದ ರಸದ ಹಲವು ಲೇಪ, ಕೆಲವೊಮ್ಮೆ ಕೂರಿಸಿದ ಚಿಪ್ಪು, ಲೋಹದ ಪಟ್ಟಿ ಎಲ್ಲಾ ಇರ್ತವೆ. ಒಂದೊಂದರ ಕುಗ್ಗುವಿಕೆಯೂ ಬೇರೆ. ಅಂಥದ್ದನ್ನ ಫ್ರೀಜರ್‌ಗೆ ಹಾಕೋಕೆ ನಾನಂತೂ ಒಪ್ಪಲ್ಲ.

ಸಮಯ ಕಮ್ಮಿ ಇದೆ, ಉಳಿದದ್ದು ಒಟ್ಟಿಗೆ ಹೇಳ್ತೀನಿ. ಚೀಲದ ಗಾಳಿಯನ್ನ ಜೋರಾಗಿ ಹೀರಿದ್ರೆ ಪ್ಲಾಸ್ಟಿಕ್ ಒತ್ತಿ ಸಡಿಲ ಚಕ್ಕೆ ಮುರಿಯುತ್ತೆ. ತಣ್ಣಗಿರುವಾಗ ಎತ್ತಾಡಬಾರದು. ಹೊರಗೆ ತಂದ ಮೇಲೆ ಕನಿಷ್ಠ 24 ಗಂಟೆ ಚೀಲ ಬಿಚ್ಚಬಾರದು, ದಪ್ಪ ವಸ್ತುಗಳಿಗೆ ಇನ್ನೂ ಹೆಚ್ಚು. ಅವಸರಪಟ್ಟು ಬಿಚ್ಚಿದ್ರೆ ಗಾಳಿಯ ತೇವ ತಣ್ಣನೆ ಮೇಲ್ಮೈ ಮೇಲೆ ಹನಿಗಟ್ಟುತ್ತೆ. ಬೆಳಕಿಗೆ ಸವೆದ ಉರುಶಿಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರ್ತವೆ, ನೀರು ಅಲ್ಲಿಗೆ ಇಳಿಯುತ್ತೆ.

ಚಕ್ಕೆ ಎದ್ದ ವಸ್ತುವಿಗೆ ಬೇರೆ ದಾರಿ ಇದೆ. ಆಮ್ಲಜನಕ ಒಳಗೆ ಬಿಡದ ಚೀಲದಲ್ಲಿ ನೈಟ್ರೋಜನ್ ತುಂಬಿಸಿ ಹುಳುವನ್ನ ಉಸಿರುಗಟ್ಟಿಸೋದು. ವಾರಗಟ್ಟಲೆ ಕಾಯಬೇಕು. ಒಳಗಿನ ಗಾಳಿ ಪೂರ್ತಿ ಒಣಗದ ಹಾಗೆ ತೇವವನ್ನೂ ಕಾಯ್ದುಕೊಳ್ಳಬೇಕು, ಇಲ್ಲಾಂದ್ರೆ ಚಳಿ ಇಲ್ಲದೇ ಇದ್ರೂ ಮರ ಕುಗ್ಗುತ್ತೆ.