ನಂತರ ಸಾಂಸ್ಕೃತಿಕ ಕಾರ್ಯಕ್ರಮ

ನಮಸ್ಕಾರ. ನನ್ನ ಕೈಯಲ್ಲಿ ಒಂದು ಆಹ್ವಾನ ಪತ್ರಿಕೆ ಇದೆ. ಶಿವಮೊಗ್ಗ ಕಡೆಯ ಒಂದು ಕಾಲೇಜಿನದು, ಹೆಸರು ಬೇಡ. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು, ಆಮೇಲೆ ‘ಘನ ಉಪಸ್ಥಿತಿ’ ಅಂತ ಇನ್ನೊಂದು ಪಟ್ಟಿ. ಎಣಿಸಿ ನೋಡಿದೆ, 17 ಹೆಸರು. ಕಟ್ಟಕಡೆಗೆ, ಪ್ರೆಸ್ಸಿನವರ ಹೆಸರಿಗಿಂತ ಚೂರು ಮೇಲೆ, ಒಂದು ಸಾಲು: ‘ನಂತರ ಸಾಂಸ್ಕೃತಿಕ ಕಾರ್ಯಕ್ರಮ’. ಕುಣಿಯುವ, ಹಾಡುವ ಮಕ್ಕಳ ಹೆಸರು ಒಂದೂ ಇಲ್ಲ.

ಆ ‘ನಂತರ’ ಎಷ್ಟು ಹೊತ್ತಿಗೆ ಬಂತು ಗೊತ್ತಾ? ಕಾರ್ಯಕ್ರಮ 10.30ಕ್ಕೆ ಅಂತ ಹಾಕಿದ್ದರು. ಯಕ್ಷಗಾನದ ಹುಡುಗಿ 8 ಗಂಟೆಗೇ ಬಣ್ಣಕ್ಕೆ ಕೂತಿದ್ದಳು. ಬಡಗುತಿಟ್ಟು ಅನ್ನುವ ಯಕ್ಷಗಾನ ಶೈಲಿಯ ವೇಷ ಕಟ್ಟುವುದು ಸುಮ್ನೆ ಮಾತಲ್ಲ. ಮುಂಡಾಸಿನ ಬಿಗಿ ಕಡಿಮೆಯಾದರೆ ಕುಣಿಯುವಾಗ ಜಾರುತ್ತದೆ, ಜಾಸ್ತಿಯಾದರೆ ಹಣೆ ಸಿಡಿಯುತ್ತದೆ. ಅದನ್ನು ಹೊತ್ತುಕೊಂಡು ಪರದೆ ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ, ಒರಗಲೂ ಆಗದೆ ಕೂತಿದ್ದಳು. ‘ನೀರು ಬೇಕೇನಮ್ಮಾ?’ ಅಂದೆ. ‘ಬೇಡ ಸರ್, ಕುಡಿದ್ರೆ ಬಾತ್‌ರೂಮಿಗೆ ಹೋಗಬೇಕಾಗುತ್ತೆ, ಇದನ್ನೆಲ್ಲ ಬಿಚ್ಚೋದು ಹೇಗೆ?’ ಅಂದಳು.

ಅತಿಥಿಗಳು ಬಂದಿದ್ದು 12ಕ್ಕೆ. ಸ್ವಾಗತ, ಹಾರ, ಶಾಲು, ಪ್ರಾಸ್ತಾವಿಕ, ಭಾಷಣ, ಭಾಷಣ, ಭಾಷಣ. ಯಕ್ಷಗಾನ ಶುರುವಾಗುವಾಗ 1.30. ಅಷ್ಟೊತ್ತಿಗೆ ಹೊರಗಿಂದ ಸಾರಿನ ವಾಸನೆ ಬರತೊಡಗಿತ್ತು. ಮುಂದಿನ ಸಾಲು ಎದ್ದು ಊಟಕ್ಕೆ ನಡೆಯಿತು, ಹಿಂದಿನ ಸಾಲೂ ನಡೆಯಿತು. ಭಾಗವತರಿಗೆ ಒಂದು ಚೀಟಿ ಬಂತು. ‘ಬೇಗ ಮುಗಿಸಿ.’ 20 ನಿಮಿಷದ ಪ್ರಸಂಗ 6 ನಿಮಿಷಕ್ಕೆ ಮುಗಿಯಿತು. ಐದೂವರೆ ಗಂಟೆ ಕಾದ ಹುಡುಗಿಗೆ 6 ನಿಮಿಷ.

ಈಗ ಇನ್ನೊಂದು ಕಥೆ. ಇದೇ ಜಿಲ್ಲೆಯ ಬೇರೊಂದು ಕ್ಯಾಂಪಸ್. ಅಲ್ಲಿ ಸಭೆಯೇ ಇಲ್ಲ. ಪೋಷಕರು, ಹಳೆ ವಿದ್ಯಾರ್ಥಿಗಳು, ಸುತ್ತಲಿನ ಊರಿನವರು ಎಲ್ಲ ಸೇರಿ ಸುಮಾರು 30 ಜನ ಬೆಳಿಗ್ಗೆ ಗೇಟಿನ ಹತ್ತಿರ ನಿಂತೆವು. ಇಬ್ಬರು ವಿದ್ಯಾರ್ಥಿಗಳು ಮುಂದೆ ನಡೆದರು, ನಾವು ಹಿಂದೆ. ಇದು ಲೈಬ್ರರಿ, ಇದು ಲ್ಯಾಬ್ ಅಂತ ತೋರಿಸುತ್ತಾ ಹೋದರು. ಆದರೆ ಲೈಬ್ರರಿ ಮೆಟ್ಟಿಲ ಮೇಲೆ ಒಬ್ಬ ಹುಡುಗ ಕುಮಾರವ್ಯಾಸ ಭಾರತ ಹಿಡಿದು ಕೂತಿದ್ದ, ಪಕ್ಕದಲ್ಲಿ ವ್ಯಾಖ್ಯಾನಕ್ಕೆ ಒಬ್ಬಳು. ಗಮಕ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆ. ಮೈಕ್ ಇಲ್ಲ.

ಗಮಕಕ್ಕೆ ನಮ್ಮ ಹೊಸಹಳ್ಳಿ ಹೆಸರಾದ ಊರು. ತುಂಗೆಯ ಈಚೆ ದಡ ಹೊಸಹಳ್ಳಿ, ಆಚೆ ದಡ ಮತ್ತೂರು. ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಅಂಥ ಕಲೆಯನ್ನು 800 ಜನರ ಹಾಲ್‌ನಲ್ಲಿ, ಕೂಗುವ ಸ್ಪೀಕರ್‌ನಲ್ಲಿ ಕೇಳಿಸಿದರೆ ಅರ್ಧ ಜನ ಮೊಬೈಲ್ ನೋಡುತ್ತಾರೆ. ಅವರ ತಪ್ಪು ಅಂತ ನಾನು ಹೇಳಲ್ಲ. ಗಮಕ ಇರುವುದೇ ಹತ್ತಿರ ಕೂತು ಕೇಳುವುದಕ್ಕೆ. ಆವತ್ತು ಮೆಟ್ಟಿಲ ಮೇಲೆ ಕೇಳಿದಾಗ ಉಸಿರು ಎಲ್ಲಿ ತಗೊಂಡ ಅನ್ನುವುದೂ ಗೊತ್ತಾಗುತ್ತಿತ್ತು.

ಆಮೇಲೆ ಹಾಸ್ಟೆಲ್ ಹಿಂದುಗಡೆ ಹೋದೆವು. ಡೊಳ್ಳಿನ ಹುಡುಗರು ಇನ್ನೂ ಶುರು ಮಾಡಿರಲಿಲ್ಲ. ಒಣ ಅಡಿಕೆ ಹಾಳೆ ಗುಡ್ಡೆ ಹಾಕಿ ಬೆಂಕಿ ಹಚ್ಚಿದ್ದರು. ಸುತ್ತ ಡೊಳ್ಳು ವಾರೆ ಮಾಡಿ ನಿಲ್ಲಿಸಿದ್ದರು. ಒಬ್ಬ ತಾಯಿ ಕೇಳಿದರು, ‘ಯಾಕ್ರಪ್ಪಾ ಬೆಂಕಿ?’ ‘ರಾತ್ರಿ ಇಬ್ಬನಿ ಬಿದ್ದಿದೆ ಅಮ್ಮಾ, ಚರ್ಮ ಸಡಿಲ ಆಗಿದೆ. ಕಾಸಿದ್ರೇನೇ ದನಿ ಏಳೋದು.’ ಅವನು ಬೆರಳಿನಿಂದ ಒಮ್ಮೆ ತಟ್ಟಿದ, ಬೊದ್ ಅಂತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತಟ್ಟಿದ. ಈಗ ಬೇರೆ ದನಿ. ಅಮ್ಮನ ಮುಖದಲ್ಲಿ ಎಂಥಾ ಖುಷಿ! ಅವರೂ ಒಮ್ಮೆ ತಟ್ಟಿ ನೋಡಿದರು. ನಾನು ಎಷ್ಟೋ ಡೊಳ್ಳು ಕುಣಿತ ನೋಡಿದ್ದೇನೆ, ದಸರಾ ಮೆರವಣಿಗೆಯಲ್ಲೂ ನೋಡಿದ್ದೇನೆ. ಇಷ್ಟು ಹತ್ತಿರದಿಂದ ಡೊಳ್ಳು ಹದಕ್ಕೆ ಬರುವುದನ್ನು ನೋಡಿದ್ದು ಅದೇ ಮೊದಲು.

‘ಇದೆಲ್ಲ ಫಾರಿನ್ ಯೂನಿವರ್ಸಿಟಿಗಳ ಐಡಿಯಾ, ನಮಗೆ ಆಗಿಬರಲ್ಲ’ ಅಂದ ನನ್ನ ಸ್ನೇಹಿತ. ಅಲ್ಲ ಮಾರಾಯ, ದೀಪಾವಳಿಯಲ್ಲಿ ಅಂಟಿಗೆ ಪಂಟಿಗೆಯವರು ಮಾಡುವುದೇನು? ರಾತ್ರಿಯೆಲ್ಲ ದೀಪ ಹಿಡಿದು ಮನೆಯಿಂದ ಮನೆಗೆ ನಡೆಯುತ್ತಾರೆ. ಬಾಗಿಲಲ್ಲಿ ನಿಂತು, ಬಾಗಿಲು ತೆಗೆಯಿರಿ ಅಂತ ಪದ ಹೇಳುತ್ತಾರೆ. ಮನೆಯವರು ದೀಪಕ್ಕೆ ಎಣ್ಣೆ ಎರೆಯುತ್ತಾರೆ, ಅಕ್ಕಿ, ಕಾಯಿ, ದುಡ್ಡು ಕೊಡುತ್ತಾರೆ. ಹಾಡು ಮುಂದಿನ ಮನೆಗೆ ಹೋಗುತ್ತದೆ. ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಹಾಡು ಕಾಲ್ನಡಿಗೆಯಲ್ಲೇ ಬರುತ್ತಿತ್ತು. ಹಾಲ್ ಕಟ್ಟಿ ಅದನ್ನು ಕೂರಿಸಿದವರು ನಾವು.

ನನ್ನ ಆಸೆ ಹೇಳಿಬಿಡುತ್ತೇನೆ. ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಇದೆ. 1987ರಲ್ಲಿ ಶುರುವಾದದ್ದು. ಜ್ಞಾನ ಸಹ್ಯಾದ್ರಿ ಕ್ಯಾಂಪಸ್ ಸುಮಾರು 230 ಎಕರೆ, ಹತ್ತಿರದಲ್ಲೇ ಭದ್ರಾ ಅಣೆಕಟ್ಟು, ಕಾಡು. ಶಿವಮೊಗ್ಗ, ಚಿಕ್ಕಮಗಳೂರು ಎರಡೂ ಜಿಲ್ಲೆಯ ಮಕ್ಕಳು ಬರುತ್ತಾರೆ. ಒಂದೇ ಕ್ಲಾಸಿನಲ್ಲಿ ಸಾಗರದ ಡೊಳ್ಳು, ಕಡೂರಿನ ವೀರಗಾಸೆ, ಹೊಸನಗರದ ತಾಳಮದ್ದಳೆ (ವೇಷ, ಕುಣಿತ ಇಲ್ಲದ ಯಕ್ಷಗಾನ) ಸಿಗಬಹುದು. ಕುವೆಂಪು ಅವರ ಊರು ಕುಪ್ಪಳಿಗೆ ಹೋದವರು ಕವಿಮನೆ ನೋಡಿ ಸುಮ್ಮನೆ ವಾಪಸ್ ಬರುತ್ತಾರಾ? ಅಲ್ಲಿನ ಗುಡ್ಡ ಕವಿಶೈಲಕ್ಕೆ ಹತ್ತುತ್ತಾರೆ. ಆ ಕವಿಯ ಹೆಸರಿನ ಕ್ಯಾಂಪಸ್ಸಿನಲ್ಲಿ ಹೀಗೆ ಹಾಡು, ಕುಣಿತ ತೋರಿಸುತ್ತಾ ನಡೆದಾಡಿಸಿದರೆ ಯಾರು ಬೇಡ ಅನ್ನುತ್ತಾರೆ?

ಕಷ್ಟ ಇಲ್ಲ ಅಂತಲ್ಲ. 30 ಜನರ ತಂಡ ಅಂದರೆ ದಿನಕ್ಕೆ ನಾಲ್ಕು ಸುತ್ತು ಬೇಕು. ಗಮಕದವರು ನಾಲ್ಕು ಸಲ ಹಾಡಿಯಾರು, ಡೊಳ್ಳಿನ ಹುಡುಗರು ನಾಲ್ಕು ಸಲ ಕುಣಿದರೆ ಮಾರನೇ ದಿನ ಕ್ಲಾಸಿಗೆ ಬರಲ್ಲ. ಹಾಗಾಗಿ ಡೊಳ್ಳು ಕೊನೆಗೆ, ಎಲ್ಲ ತಂಡಕ್ಕೂ ಸೇರಿ ಒಂದೇ ಸಲ. ಅದನ್ನು ಗಮಕದ ಹತ್ತಿರ ಮಾತ್ರ ಇಡಬೇಡಿ, ಪಾಪ, ಕುಮಾರವ್ಯಾಸ ಭಾರತ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಮಳೆಗಾಲವಂತೂ ಬೇಡವೇ ಬೇಡ, ದೀಪಾವಳಿ ಕಳೆದ ಮೇಲೆ ಇಟ್ಟುಕೊಳ್ಳಿ. ವಯಸ್ಸಾದವರಿಗೆ ನಿಲ್ಲುವ ಕಡೆಯೆಲ್ಲ ನಾಲ್ಕು ಬೆಂಚು ಹಾಕಿಸಿ. ಯಕ್ಷಗಾನ ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಕೋಣೆಯ ಬಾಗಿಲು ತೆರೆದಿಡಿ, ಅವರು ಒಪ್ಪಿದರೆ ಮಾತ್ರ. ಮುಂಡಾಸು ಸುತ್ತುವುದನ್ನು ನೋಡಿದವರು ಊಟಕ್ಕೆ ಎದ್ದು ಹೋಗಲ್ಲ ಅನ್ನುವುದು ನನ್ನ ಅಂದಾಜು.

ಅತಿಥಿಗಳು? ಬರಲಿ. ಅವರೂ ನಡೆಯಲಿ. ನಡೆಯುತ್ತಾ ಭಾಷಣ ಮಾಡಲು ಉಸಿರು ಸಾಲಲ್ಲ, ಅದೊಂದು ಅನುಕೂಲ.

ಯಾವುದಾದರೂ ಕಾಲೇಜಿನವರು ಇಂಥದ್ದು ಮಾಡುತ್ತಿದ್ದರೆ ಹೇಳಿ, ನಾನು ಬರುತ್ತೇನೆ. ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರು ಹಾಕಬೇಡಿ, ಆ ಜಾಗದಲ್ಲಿ ಮುಂಡಾಸಿನ ಹುಡುಗಿಯ ಹೆಸರು ಹಾಕಿ. ಶಾಲೂ ಬೇಡ. ಉಂಬಳ (ಜಿಗಣೆ) ಇನ್ನೂ ಇದ್ದರೆ ಕಾಲಿಗೆ ಹಚ್ಚಿಕೊಳ್ಳಲು ಒಂದು ಚೂರು ಸುಣ್ಣ ಇಟ್ಟಿರಿ, ಸಾಕು.