ಎಂಟು ನಾಚು, ಎರಡು ಬ್ರೇಕು

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನಲ್ಲಿ ರೈಲಿನ ಹುಚ್ಚು ಹಿಡಿದವರು ಎಲ್ಲಿ ಸಿಗುತ್ತಾರೆ ಗೊತ್ತಾ? ದಂಡು ಸ್ಟೇಷನ್ನಿನ ಪ್ಲಾಟ್‌ಫಾರಂ ತುದಿಯಲ್ಲಿ ನೋಡಿ. 1864ರಲ್ಲಿ ಜೋಲಾರಪೇಟೆ ಕಡೆಯಿಂದ ಈ ಊರಿಗೆ ರೈಲು ಬಂದಿದ್ದು ಅಲ್ಲಿಗೇ. ಇಲ್ಲವೇ ಕೃಷ್ಣರಾಜಪುರದ ತೂಗುಸೇತುವೆ ಹತ್ತಿರ ಹೋಗಿ. ಪಕ್ಕದಲ್ಲೇ ಲೋಕೋ ಶೆಡ್ ಇದೆ. ಅಲ್ಲಿ ಎಂಜಿನ್ ನಂಬರು ಬರೆದುಕೊಳ್ಳುತ್ತಾ, ಇದು ಹುಬ್ಬಳ್ಳಿ ಶೆಡ್ಡಿನದು, ಅದು ಅರಕ್ಕೋಣದ್ದು ಎಂದು ಮಾತಾಡಿಕೊಳ್ಳುವ ನಾಲ್ಕು ಜನ ಇದ್ದೇ ಇರುತ್ತಾರೆ. ಅವರಲ್ಲಿ ನಾನೂ ಒಬ್ಬ.

ಕಣ್ಣು ಮುಚ್ಚಿಕೊಂಡಿದ್ದರೂ ನಮಗೆ ಸದ್ದಿನಲ್ಲೇ ಎಂಜಿನ್ನಿನ ಗುರುತು ಸಿಗುತ್ತದೆ. ಆಲ್ಕೊ ಎಂಬ ಅಮೆರಿಕದ ಕಂಪನಿಯ ಡೀಸೆಲ್ ಆದರೆ ಒಂದೊಂದು ಏಟೂ ಬಿಡಿಬಿಡಿಯಾಗಿ ಎದೆಗೆ ಬಡಿಯುತ್ತದೆ. ಜಿಎಂ, ಅಂದರೆ ಜನರಲ್ ಮೋಟಾರ್ಸ್‌ನದು ಆದರೆ ಗುಂಯ್ ಎನ್ನುವ ಒಂದೇ ಸಮನೆ ನಾದ, ಅದರ ಮೇಲೊಂದು ಸಣ್ಣ ಸಿಳ್ಳೆ. ಆದರೆ ಇದೆಲ್ಲ ಹೊರಗೆ ನಿಂತವರ ಸುಖ. ಪರವಾನಗಿ ಇಲ್ಲದೆ ಯಾರೂ ಎಂಜಿನ್ ಕ್ಯಾಬ್ ಹತ್ತುವಂತಿಲ್ಲ. ಅದು ಸರಿಯೇ. ಹಿಂದೆ ಸಾವಿರಾರು ಜನ ಕೂತಿರುತ್ತಾರೆ, ಅಲ್ವಾ?

ಹಾಗಾದರೆ ಒಳಗೆ ಕೂತು ಓಡಿಸುವ ಆಸೆ ಇರುವವರು ಏನು ಮಾಡಬೇಕು? ನನಗೆ ಆ ಭಾಗ್ಯ ಸಿಕ್ಕಿದ್ದು ಅಮೆರಿಕದಲ್ಲಿ. ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಅಲ್ಲಿನ ಬೆಟ್ಟಗಳ ನಡುವೆ, ಫೆದರ್ ಎಂಬ ಹೊಳೆಯ ಪಕ್ಕ, ಪೋರ್ಟೋಲಾ ಅಂತ ಒಂದು ಪುಟ್ಟ ಊರು. ವೆಸ್ಟರ್ನ್ ಪೆಸಿಫಿಕ್ ಎಂಬ ರೈಲು ಕಂಪನಿಯ ಡೀಸೆಲ್ ಶೆಡ್ ಅಲ್ಲಿತ್ತು. 1982ರ ಕೊನೆಗೆ ಯೂನಿಯನ್ ಪೆಸಿಫಿಕ್ ಆ ಕಂಪನಿಯನ್ನೇ ಕೊಂಡುಕೊಂಡಿತು. ಶೆಡ್ಡಿಗೆ ಕೆಲಸ ಇಲ್ಲದಾಯಿತು. ಆಗ ರೈಲುಪ್ರೇಮಿಗಳು ಸೇರಿ ಒಂದು ಸಂಘ ಕಟ್ಟಿದರು. ಆ ಶೆಡ್ಡನ್ನೇ ಮ್ಯೂಸಿಯಂ ಮಾಡಿದರು. ಅಲ್ಲಿ ದುಡ್ಡು ಕಟ್ಟಿದರೆ ನಮ್ಮ ಕೈಗೇ ಎಂಜಿನ್ ಕೊಡುತ್ತಾರೆ. ಪಕ್ಕದಲ್ಲಿ ಪಳಗಿದವರೊಬ್ಬರು ಕೂತು ಹೇಳಿಕೊಡುತ್ತಾರೆ. ಮ್ಯೂಸಿಯಂನ ಸ್ವಂತ ಹಳಿಯ ಮೇಲೆ, ನಿಧಾನಕ್ಕೆ, ನಾವೇ ಓಡಿಸಬಹುದು.

ನನಗೆ ಸಿಕ್ಕಿದ್ದು ಜಿಪಿ-7. ಜನರಲ್ ಮೋಟಾರ್ಸ್ 1949ರಲ್ಲಿ ತಯಾರಿಸಲು ಶುರುಮಾಡಿದ ಜಾತಿ. 1500 ಅಶ್ವಶಕ್ತಿ, ತೂಕ ಸುಮಾರು 110 ಟನ್. ಒಳಗಿರುವುದು 567 ಎಂಬ ಎಂಜಿನ್. ಒಂದೊಂದು ಸಿಲಿಂಡರ್ ಅಷ್ಟು ಘನ ಇಂಚು ಎಂಬ ಲೆಕ್ಕದಿಂದ ಆ ಹೆಸರು. ಅಂದರೆ 9 ಲೀಟರಿಗೂ ಜಾಸ್ತಿ. ಮಾಮೂಲಿ ಸಿಟಿ ಬಸ್ಸಿನ ಇಡೀ ಎಂಜಿನ್ ಇರುವುದು 6 ಲೀಟರಿನ ಆಸುಪಾಸು. ಇಲ್ಲಿ ಒಂದು ಸಿಲಿಂಡರ್ರೇ ಅದಕ್ಕಿಂತ ದೊಡ್ಡದು, ಅಂಥವು 16 ಇವೆ.

ಒಳಗೆ ಹೋದರೆ ಮೊದಲು ಮೂಗಿಗೆ ಬಡಿಯುವುದು ಬಿಸಿ ಎಣ್ಣೆಯ ವಾಸನೆ. ಕಾಲಡಿಯ ನೆಲ ಸಣ್ಣಗೆ ನಡುಗುತ್ತಿರುತ್ತದೆ. ಸ್ಟೀರಿಂಗ್ ಇಲ್ಲ, ಗೇರ್ ಇಲ್ಲ. ಡೀಸೆಲ್ ಎಂಜಿನ್ ಒಂದು ಜನರೇಟರನ್ನು ತಿರುಗಿಸುತ್ತದೆ. ಅದರ ಕರೆಂಟು ಅಚ್ಚುಗಳ ಮೇಲಿರುವ ಮೋಟಾರುಗಳಿಗೆ ಹೋಗುತ್ತದೆ. ಗಾಲಿ ತಿರುಗುವುದು ಕರೆಂಟಿನಿಂದ. ನಮ್ಮ ಕೈಗೆ ಸಿಗುವುದು ಮುಂದಕ್ಕೋ ಹಿಂದಕ್ಕೋ ಎಂದು ಹೇಳುವ ರಿವರ್ಸರ್ ಹಿಡಿ, ಎಂಜಿನ್ನಿನ ಶಕ್ತಿ ಏರಿಸುವ ಎಂಟು ನಾಚಿನ, ಅಂದರೆ ಎಂಟು ಹಂತದ ಥ್ರಾಟಲ್, ಮತ್ತೆ ಎರಡು ಬ್ರೇಕು. ಒಂದು ಇಡೀ ಗಾಡಿಗೆ, ಇನ್ನೊಂದು ಎಂಜಿನ್ನಿಗೆ ಮಾತ್ರ. ನಮ್ಮ ಲೋಕೋ ಪೈಲಟ್‌ಗಳು ಎ-9, ಎಸ್‌ಎ-9 ಅಂತಾರಲ್ಲ, ಅದೇ ಜೋಡಿ. ಬ್ರೇಕಿನ ಹಿಡಿ ಎಷ್ಟೋ ಜನರ ಅಂಗೈ ಉಜ್ಜಿ ಉಜ್ಜಿ ನುಣ್ಣಗಾಗಿತ್ತು. ನನ್ನ ಕೈ ಅದರ ಮೇಲೆ ಇಟ್ಟಾಗ ಮೈ ಜುಮ್ಮೆಂದಿತು.

ಹೇಳಿಕೊಡುವವರು ಕೆಲಸದಿಂದ ನಿವೃತ್ತರಾದ ಡ್ರೈವರ್. ಮೊದಲು ಗಂಟೆ ಬಾರಿಸಿ ಎಂದರು. ಆಮೇಲೆ ಎರಡು ಉದ್ದ ಹಾರ್ನ್, ಮುಂದಕ್ಕೆ ಹೊರಟಿದ್ದೇವೆ ಎಂದು ಅರ್ಥ. ಎಂಜಿನ್ ಬ್ರೇಕ್ ಬಿಟ್ಟೆ. ಉಸ್ಸ್ ಎಂದು ಗಾಳಿ ಹೋಯಿತು. ಥ್ರಾಟಲ್ ಮೊದಲನೇ ನಾಚಿಗೆ ತಂದೆ. ಏನೂ ಆಗಲಿಲ್ಲ. ಎದುರಿಗಿದ್ದ ಆಂಪಿಯರ್ ಮೀಟರಿನ ಮುಳ್ಳು ಮಾತ್ರ ಮೆಲ್ಲಗೆ ಮೇಲೇರಿತು. ಆಮೇಲೆ, ಕೆರೆಯಲ್ಲಿ ಮಲಗಿದ್ದ ಎಮ್ಮೆ ಎದ್ದ ಹಾಗೆ, ಇಡೀ ಎಂಜಿನ್ ಕದಲಿತು. 110 ಟನ್ ಕಬ್ಬಿಣ, ನನ್ನ ಎರಡು ಬೆರಳಿನ ಮಾತು ಕೇಳಿ ಹೊರಟಿತು. ಆ ಕ್ಷಣದ ಖುಷಿಯನ್ನು ಹೇಗೆ ಹೇಳಲಿ? ಕಣ್ಣು ತುಂಬಿ ಬಂತು. ಹೊರಗೆ ಬೇಲಿಯ ಹತ್ತಿರ ನಿಂತಿದ್ದ ಮಗಳು ಕೈ ಬೀಸುತ್ತಿದ್ದಳು.

ಹೊರಡಿಸುವುದು ಸುಲಭ. ಕೆಲಸ ಇರುವುದು ನಿಲ್ಲಿಸುವುದರಲ್ಲಿ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಹೊರಗೆ ನಿಂತು ಎಷ್ಟು ವರ್ಷ ನೋಡಿದರೂ ಇದು ತಿಳಿಯುವುದಿಲ್ಲ.

ಹಳಿ ಪಕ್ಕ ಒಂದು ಗುರುತು ಇಟ್ಟು, ಅಲ್ಲಿ ನಿಲ್ಲಿಸಿ ಎನ್ನುತ್ತಾರೆ. ಕಾರಿನಲ್ಲಿ ಪೆಡಲ್ ಒತ್ತಿದ ಕೂಡಲೇ ಬ್ರೇಕ್ ಹಿಡಿಯುತ್ತದೆ. ಇಲ್ಲಿ ಹಿಡಿ ತಿರುಗಿಸಿದ ಮೇಲೆ ಗಾಳಿ ಬ್ರೇಕಿನ ಸಿಲಿಂಡರಿಗೆ ಹೋಗಿ ತುಂಬಬೇಕು, ಬ್ರೇಕ್ ಬ್ಲಾಕು ಗಾಲಿಗೆ ಕಚ್ಚಬೇಕು. ಅಷ್ಟರಲ್ಲಿ ಎಂಜಿನ್ ಮುಂದೆ ಹೋಗಿರುತ್ತದೆ. ಹಾಗಾಗಿ ಗುರುತು ಇನ್ನೂ ದೂರ ಇರುವಾಗಲೇ ಶುರುಮಾಡಬೇಕು. ಇನ್ನೊಂದು ವಿಷಯ ಇದೆ. ಎರಕದ ಕಬ್ಬಿಣದ ಬ್ಲಾಕು, ವೇಗ ಕಡಿಮೆಯಾದಷ್ಟೂ ಗಟ್ಟಿಯಾಗಿ ಹಿಡಿಯುತ್ತದೆ. ಅದಕ್ಕೇ ನಿಲ್ಲುವ ಹೊತ್ತಿಗೆ ಬ್ರೇಕನ್ನು ಬಿಗಿ ಮಾಡುವುದಲ್ಲ, ಸ್ವಲ್ಪ ಸಡಿಲ ಬಿಡಬೇಕು. ಇಲ್ಲದಿದ್ದರೆ ಕೊನೆಗೆ ಒಂದು ಜಗ್ಗು ಜಗ್ಗುತ್ತದೆ. ಆ ಹಿರಿಯರು ಗೇಜನ್ನು ಬಿಟ್ಟು ಸೀಟಿನ ಮೇಲೆ ಗಮನ ಇಡಿ ಎಂದರು. ಎಷ್ಟು ಬ್ರೇಕ್ ಹಿಡಿದಿದೆ ಎಂಬುದು ಬೆನ್ನಿಗೆ ಗೊತ್ತಾಗುತ್ತದಂತೆ. ಕೊನೆಕೊನೆಗೆ ನನ್ನ ಬೆನ್ನಿಗೂ ಗೊತ್ತಾಗತೊಡಗಿತು.

ಇದು ಬರಿಯ ಎಂಜಿನ್. ಇದರ ಹಿಂದೆ ಇಪ್ಪತ್ತಕ್ಕೂ ಹೆಚ್ಚು ಬೋಗಿ ಇದ್ದರೆ ಹೇಗೆ ಎಂದು ಯೋಚಿಸಿ. ಗಾಡಿಯುದ್ದಕ್ಕೂ ಬ್ರೇಕ್ ಪೈಪಿನಲ್ಲಿ ಗಾಳಿ ತುಂಬಿರುತ್ತದೆ. ನಮ್ಮಲ್ಲಿ ಚದರ ಸೆಂಟಿಮೀಟರಿಗೆ 5 ಕೆ.ಜಿ. ಒತ್ತಡ. ಆ ಗಾಳಿ ಕಡಿಮೆಯಾದರೆ ಬ್ರೇಕ್ ಹಿಡಿಯುತ್ತದೆ, ತುಂಬಿದರೆ ಬಿಡುತ್ತದೆ. ಎಲ್ಲೋ ಪೈಪು ಕಿತ್ತುಹೋದರೂ ಗಾಡಿ ತಾನಾಗಿ ನಿಲ್ಲಲಿ ಎಂಬ ಯೋಚನೆ ಅದು. ವೆಸ್ಟಿಂಗ್‌ಹೌಸ್ ಎಂಬ ಪುಣ್ಯಾತ್ಮ 1870ರ ದಶಕದ ಆರಂಭದಲ್ಲೇ ಕಂಡುಹಿಡಿದದ್ದು, ಇವತ್ತಿಗೂ ನಮ್ಮನ್ನು ಕಾಯುತ್ತಿದೆ.

ನಮ್ಮ ಬೀದಿಯಲ್ಲಿ ಒಬ್ಬರು ಲೋಕೋ ಪೈಲಟ್ ಇದ್ದಾರೆ. ವಾಪಸ್ ಬಂದವನು ಅವರ ಮನೆಗೆ ಹೋಗಿ ಕಾಫಿ ಕುಡಿಯುತ್ತಾ ಇದನ್ನೆಲ್ಲ ಹೇಳಿದೆ. ಅವರು ನಕ್ಕರು. "ಸಾರ್, ಗಾಡಿ ನಿಂತಿದ್ದು ಒಳಗೆ ಮಲಗಿದ್ದವರಿಗೆ ಗೊತ್ತಾಗಬಾರದು. ನಮ್ಮ ಗುರುಗಳು ಕಲಿಸಿದ್ದು ಅಷ್ಟೇ" ಎಂದರು. ರಾತ್ರಿ ಮೇಲಿನ ಬರ್ತಿನಲ್ಲಿ ಮಲಗಿ, ಎಚ್ಚರವಾದಾಗ ಅರಸೀಕೆರೆ ಬಂದಿತ್ತಾ ಎಂದು ಕೇಳುತ್ತೇವಲ್ಲ, ಆ ನಿದ್ದೆ ಇವರ ಕೈಯಲ್ಲಿತ್ತು.

ಈಗ ನಮ್ಮ ಊರಿನ ಮಾತಿಗೆ ಬರುತ್ತೇನೆ. ಪೋರ್ಟೋಲಾದಲ್ಲಿ ನಾನು ಓಡಿಸಿದ 567 ಎಂಜಿನ್ನಿನ ಕುಲದಲ್ಲೇ ಮುಂದೆ 645 ಬಂತು, ಆಮೇಲೆ 710. 1999ರಿಂದ ನಮ್ಮ ದೇಶಕ್ಕೆ ಬಂದ, ಹುಬ್ಬಳ್ಳಿ ಮತ್ತು ಕೃಷ್ಣರಾಜಪುರ ಶೆಡ್ಡುಗಳಲ್ಲಿ ನಾವು ನೋಡಿದ 4000 ಅಶ್ವಶಕ್ತಿಯ ಡೀಸೆಲ್‌ಗಳ ಎದೆಯಲ್ಲಿರುವುದು ಇದೇ 710. ಈ ಕುಲದ ಅಜ್ಜನನ್ನು ಪೋರ್ಟೋಲಾದವರು ಓಡುವ ಸ್ಥಿತಿಯಲ್ಲಿ ಇಟ್ಟುಕೊಂಡಿದ್ದಾರೆ. ನಮ್ಮ ಆಲ್ಕೊಗಳ ಕತೆ ಬೇರೆ. 1950ರ ದಶಕದ ಕೊನೆಯಲ್ಲಿ ಮೊದಲು ಬಂದವು. ಅಮೆರಿಕದ ಆ ಕಂಪನಿ 1969ರಲ್ಲೇ ರೈಲು ಎಂಜಿನ್ ಮಾಡುವುದು ನಿಲ್ಲಿಸಿತು. ಆದರೆ ವಾರಾಣಸಿಯ ಎಂಜಿನ್ ಕಾರ್ಖಾನೆಯಲ್ಲಿ ಆ ವಂಶ ದಶಕಗಳ ಕಾಲ ಬೆಳೆಯಿತು. ಈಗ ಬಹುತೇಕ ಎಲ್ಲ ಕಡೆ ಕರೆಂಟು ಲೈನು ಬಂದಿದೆ, ಬರಲೇಬೇಕಿತ್ತು. ಆಲ್ಕೊಗಳು ಒಂದೊಂದಾಗಿ ಗುಜರಿಗೆ ಹೋಗುತ್ತಿವೆ.

ಮೈಸೂರಿನ ರೈಲು ಮ್ಯೂಸಿಯಂ 1979ರಿಂದ ಇದೆ. ಹುಬ್ಬಳ್ಳಿಯಲ್ಲೂ 2020ರಲ್ಲಿ ಒಂದು ಆಯಿತು. ಎರಡೂ ನನಗೆ ಪ್ರೀತಿಯ ಜಾಗಗಳು. ಮೈಸೂರಿನಲ್ಲಿ ಮಹಾರಾಣಿಯವರ ಸಲೂನ್ ಬೋಗಿಯ ಎದುರು ಮಕ್ಕಳು ಬಾಯಿ ಬಿಟ್ಟುಕೊಂಡು ನಿಲ್ಲುವುದನ್ನು ನೋಡಿದ್ದೇನೆ. ದೆಹಲಿಯ ರಾಷ್ಟ್ರೀಯ ರೈಲು ಮ್ಯೂಸಿಯಂನಲ್ಲಿ ಎಂಜಿನ್ ಓಡಿಸುವ ಸಿಮ್ಯುಲೇಟರ್ ಕೂಡ ಇದೆ. ಆದರೆ ಬಣ್ಣ ಬಳಿದು ಸುಮ್ನೆ ನಿಲ್ಲಿಸಿದ ಎಂಜಿನ್ ಬೇರೆ, ನೆಲ ನಡುಗಿಸುವ ಎಂಜಿನ್ ಬೇರೆ. ಒಂದೇ ಒಂದು ಆಲ್ಕೊವನ್ನು ಬ್ಯಾಟರಿ, ಕಂಪ್ರೆಸರ್ ಸಮೇತ ಜೀವಂತ ಇಟ್ಟುಕೊಂಡರೆ ಸಾಕು. ಮೇನ್ ಲೈನಿಗೆ ಸೇರದ ಅರ್ಧ ಕಿಲೋಮೀಟರ್ ಹಳಿ ಬೇಕು, ಎರಡೂ ತುದಿಗೆ ತಡೆ ಬೇಕು, ಪಕ್ಕದಲ್ಲಿ ಹೇಳಿಕೊಡುವವರು ಬೇಕು. ಬೆಂಗಳೂರಿನಲ್ಲಿ ಇದಕ್ಕೆ ದುಡ್ಡು ಕೊಟ್ಟು ಸಾಲಿನಲ್ಲಿ ನಿಲ್ಲುವವರಿಗೆ ಬರವಿಲ್ಲ. ಡಿಪ್ಲೊಮಾ ಓದುವ ಹುಡುಗ ಹುಡುಗಿಯರಿಗಂತೂ ಪುಸ್ತಕದ ಹತ್ತು ಪಾಠ ಒಂದು ಗಂಟೆಯಲ್ಲಿ ತಲೆಗೆ ಹೋಗುತ್ತದೆ.

ಹೇಳಿಕೊಡುವವರು ಎಲ್ಲಿ ಸಿಗುತ್ತಾರೆ ಎಂದು ನಮ್ಮ ಬೀದಿಯ ಲೋಕೋ ಪೈಲಟ್ ಅವರನ್ನೇ ಕೇಳಿದೆ. ಅವರು ಲೋಟ ಕೆಳಗಿಟ್ಟು ಹೇಳಿದರು: "ಎಂಜಿನ್ ಉಳಿಸಿಕೊಡಿ ಸಾರ್. ರಿಟೈರ್ ಆದ ಮೇಲೆ ಪ್ರತಿ ಭಾನುವಾರ ನಾನು ಬರುತ್ತೇನೆ. ನನ್ನ ಬ್ಯಾಚಿನವರನ್ನೂ ಕರೆದುಕೊಂಡು ಬರುತ್ತೇನೆ."

ನಮಸ್ಕಾರ.